ನುಡಿ ಇಲ್ಲದ ಫೈಲು

ನಾಶಿಕ
12 ಜೂನ್ 2025

ಸುಶೀಲಾಬಾಯಿ ಅಮ್ಮನವರಿಗೆ ಚಂಪಾಳ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ತಮ್ಮನ ಮಗ ಮಲ್ಲಿನಾಥಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎಸ್.ಟಿ. ಬಸ್ಸಿನ ಪಾರ್ಸೆಲ್‌ನಲ್ಲಿ ನೀವು ಕಳಿಸಿದ ಹಾರ್ಡ್ ಡಿಸ್ಕ್ ಮತ್ತು ಕಾಗದ ತಲುಪಿವೆ. ಅಣ್ಣನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಿಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಂಪಾ, ಆತ್ಯಾ ಏನ್ ಬರದಾಳ ನೋಡು, ನನಗಂತೂ ಜಿಲೇಬಿ ಕರದಂಗ ಕಾಣ್ಲತ್ತದ" ಎಂದು ನನ್ನ ಕೈಗೆ ಕೊಟ್ಟ.

ಫೋನ್ ಮಾಡಬೇಡಿ, ಏನಿದ್ದರೂ ಬರೆದು ತಿಳಿಸಿ ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದೀರಿ. ಯಾಕೆ ಎಂದು ಅಣ್ಣನನ್ನು ಕೇಳಿದೆ. "ನೀ ನಿನ್ನ ಕೆಲಸ ನೋಡು" ಎಂದ. ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ನಮ್ಮ ಇಂಜಿನಿಯರ್ ನೋಡುತ್ತಿದ್ದಾರೆ' ಎಂದು ಬರೆಯಲು ಅಣ್ಣ ಹೇಳಿದ್ದಾನೆ. ಇಲ್ಲಿ ಇಂಜಿನಿಯರ್ ಯಾರೂ ಇಲ್ಲ. ಅಣ್ಣ ಇದ್ದಾನೆ, ನಾನಿದ್ದೇನೆ. ನಮ್ಮದು ಆಳಂದ ತಾಲೂಕು. ಅಪ್ಪ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಊರಲ್ಲಿ ಒಂಬತ್ತನೆಯವರೆಗೆ ಕನ್ನಡದಲ್ಲಿ ಓದಿದೆ. ಇಲ್ಲಿ ಹತ್ತನೆಯ ಪರೀಕ್ಷೆಯಲ್ಲಿ ಮಾಸ್ತರರೊಬ್ಬರು ಉತ್ತರಗಳನ್ನು ಹಲಗೆಯ ಮೇಲೆ ಬರೆದುಕೊಟ್ಟರು. ಎಲ್ಲರೂ ಇಳಿಸಿಕೊಂಡರು. ನಾನು ಖಾಲಿ ಹಾಳೆ ಕೊಟ್ಟು ಎದ್ದುಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಆಮೇಲೆ ದ್ರಾಕ್ಷಿ ಪ್ಯಾಕಿಂಗ್‌ಗೆ ಹೋದೆ, ಸೀರೆ ಅಂಗಡಿಗೆ ಹೋದೆ, ಎಲ್ಲೂ ನಿಲ್ಲಲಿಲ್ಲ. ಬಣ್ಣ ಬಿಡುತ್ತದೆಯೇ ಎಂದು ಕೇಳಿದವರಿಗೆ ಬಿಡುತ್ತದೆ ಎಂದರೆ ಯಾವ ಸೀರೆ ಅಂಗಡಿಯವರು ಇಟ್ಟುಕೊಳ್ಳುತ್ತಾರೆ?

ನಿಮ್ಮ ಯಜಮಾನರು ಟೈಪ್ ಮಾಡಿದ ಫೈಲು ಡಿಸ್ಕಿನಲ್ಲಿದೆ. ಹೆಸರು ಕಾಣುತ್ತದೆ, ಆದರೆ ತೆರೆಯುವುದಿಲ್ಲ. ಒಳಗಿನ ಅಕ್ಷರಗಳನ್ನು ಚೂರುಚೂರಾಗಿಯಾದರೂ ಹೊರಗೆ ತೆಗೆಯಲು ಬರುತ್ತದೆ. ಎಷ್ಟು ಸಿಕ್ಕೀತು ಎಂದು ಈಗಲೇ ಹೇಳಲಾರೆ. ಅದರಲ್ಲಿ ಏನಿದೆ, ಹೇಗೆ ಹಾಳಾಯಿತು, ಬೇರೆ ಪ್ರತಿ ಎಲ್ಲಾದರೂ ಇದೆಯೇ? ಅವರನ್ನೇ ಕೇಳಿ ಬರೆಯಿರಿ.

ಚಂಪಾ


ಛತ್ರಪತಿ ಸಂಭಾಜಿನಗರ
17 ಜೂನ್ 2025

ಚಂಪಾಗೆ ಆಶೀರ್ವಾದಗಳು.

ಹೆಣ್ಣುಮಗಳು ಈ ಕೆಲಸ ಮಾಡುತ್ತೀ ಎಂದು ತಿಳಿದು ಸಂತೋಷವಾಯಿತು. ಫೈಲಿನಲ್ಲಿರುವವು ಇವರ ರೈಲ್ವೆಯ ಕಾಗದಗಳು. ಇವರು ಮನ್ಮಾಡ್ ಸ್ಟೇಶನ್ನಿನಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿದ್ದರು. ಅಲ್ಲೇ ರಿಟೈರ್ ಆದರು. ಟೈಪ್ ಮಾಡುತ್ತಿದ್ದಾಗ ವಯರು ಕಿತ್ತುಬಂದು ಕಂಪ್ಯೂಟರ್ ಬಂದ್ ಆಯಿತು. ಅದಾದ ಮೇಲೆ ಫೈಲು ತೆರೆಯಲಿಲ್ಲ. ಬೇರೆ ಪ್ರತಿ ಇಲ್ಲ. ಇಲ್ಲಿಯ ಅಂಗಡಿಯವನು ಡಿಸ್ಕ್ ಬಿಚ್ಚಿ ಕೈಗೆ ಕೊಟ್ಟು, ಇದರ ಆಸೆ ಬಿಡಿ ಎಂದ.

ಇವರು ಆರಾಮಾಗಿದ್ದಾರೆ. ಮೊದಲಿನಿಂದಲೂ ಮಾತು ಕಡಿಮೆ. ದಿನವೆಲ್ಲ ಕಿಟಕಿಯಲ್ಲಿ ಮಾತಾಡಿ ಮುಗಿಸಿಯೇ ಮನೆಗೆ ಬರುತ್ತಿದ್ದರು. ಹಾಗಾಗಿ ಕೇಳಿ ಬರೆಯುವಂಥದ್ದು ಏನಿಲ್ಲ.

ಪೂರ್ತಿ ಸಿಗದಿದ್ದರೆ ಅರ್ಧ ಕಳಿಸು. ಅರ್ಧವೂ ಇಲ್ಲದಿದ್ದರೆ ಒಂದು ಸಾಲಾದರೂ ಕಳಿಸು. ಬೇಗ ಕಳಿಸು.

ಸುಶೀಲಾಬಾಯಿ


ನಾಶಿಕ
28 ಜೂನ್ 2025

ಅಮ್ಮನವರಿಗೆ ನಮಸ್ಕಾರ.

ಡಿಸ್ಕಿನ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡಿದೆ. ನಿಮ್ಮದಕ್ಕೆ ಏನೂ ಆಗಿಲ್ಲ. ಈ ಕೆಲಸದಲ್ಲಿ ಯಂತ್ರ ಓಡುತ್ತಲೇ ಇರುತ್ತದೆ, ನಾವು ಕಾಯಬೇಕು. ನನಗೆ ಕಾಯಲು ಬರುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದೆ. ಎದುರಿನ ಚಹಾದವನು "ಪೋರಿ, ಮೆಟ್ಟಿಲು ಸವೀತಾವ" ಎಂದು ನಕ್ಕ.

ಫೈಲಿನಿಂದ ಬಹಳಷ್ಟು ಹೊರಬಂದಿದೆ. ಆದರೆ ಅದು ಬರಹವಲ್ಲ. ರೈಲ್ವೆಯ ಕಾಗದ ಎಂದಿರಿ. ಇಂಗ್ಲಿಷ್ ಇರಬೇಕೆಂದು ನೋಡಿದೆ, ಇಂಗ್ಲಿಷ್ ಅಲ್ಲ. ಹಳೆಯ ಮರಾಠಿ ಫಾಂಟಿನಲ್ಲಿ ಟೈಪ್ ಮಾಡಿದ್ದೂ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕೆಟ್ಟು ಕಾಣುತ್ತದೆ. ನಮ್ಮಲ್ಲಿರುವ ಮರಾಠಿ ಫಾಂಟುಗಳನ್ನೆಲ್ಲ ಹಾಕಿ ನೋಡಿದೆ. ಮರಾಠಿಯೂ ಆಗಲಿಲ್ಲ. ಎಲ್ಲಿ ನೋಡಿದರೂ ತಲೆಯ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷಿನ ಎ, ಚುಕ್ಕೆ ಹೊತ್ತ ಎ, ನಡುನಡುವೆ ಪೌಂಡಿನ ಗುರುತು, ಬಾಲದಂಥ ಗುರುತು. ಒಂದಂತೂ ಮತ್ತೆ ಮತ್ತೆ ಬರುತ್ತದೆ, ಹೀಗೆ:

¸ÀÄ²Ã¯Á

ಏನೂ ಸಿಗಲಿಲ್ಲ, ಎಲ್ಲ ಹೋಗಿದೆ ಎಂದು ಬರೆದು ಮುಗಿಸು ಎಂದು ಅಣ್ಣ ಹೇಳಿದ. ಯಾಕೆ ಎಂದರೆ, "ಅಷ್ಟು ಬರದ್ರ ಸಾಕು, ಆತ್ಯಾಗ ನೋವಾಗ್ತದ" ಎಂದ. ಸಿಕ್ಕಿದ್ದನ್ನು ಸಿಗಲಿಲ್ಲ ಎಂದು ಹೇಗೆ ಬರೆಯಲಿ? ನನಗೆ ತಿಳಿದದ್ದು ಇದು: ಇದನ್ನು ಟೈಪ್ ಮಾಡಿದವರು ಏನನ್ನೂ ಬರೆಯುತ್ತಿರಲಿಲ್ಲ. ಕೈಗೆ ಸಿಕ್ಕ ಕೀಲಿಗಳನ್ನು ಒತ್ತುತ್ತ ಕುಳಿತಿದ್ದರು. ಪುಟಗಟ್ಟಲೆ ಹಾಗೆಯೇ ಇದೆ.

ಚಂಪಾ


ಛತ್ರಪತಿ ಸಂಭಾಜಿನಗರ
4 ಜುಲೈ 2025

ಚಂಪಾ,

ಡಿಸ್ಕ್ ತಿರುಗಿ ಕಳಿಸು. ನೀನು ಮಾಡಿಕೊಂಡ ನಕಲನ್ನು ಅಳಿಸಿಬಿಡು. ಅದನ್ನು ಯಾರಿಗೂ ತೋರಿಸಬೇಡ, ಮಲ್ಲಿನಾಥನಿಗೂ ತೋರಿಸಬೇಡ.

ಎರಡು ವರ್ಷ ಆ ಮೇಜಿನ ಮುಂದೆ ಕುಳಿತಿದ್ದರು. ಚಹಾ ತಂದಿಟ್ಟು ಬರುತ್ತಿದ್ದೆ. ನನಗೆ ಗೊತ್ತಾಗಲಿಲ್ಲ.

ಇನ್ನು ಬರೆಯಬೇಡ.

ಸುಶೀಲಾಬಾಯಿ


ನಾಶಿಕ
7 ಜುಲೈ 2025

ಅಮ್ಮನವರಿಗೆ,

ಇದೇ ಪೆಟ್ಟಿಗೆಯಲ್ಲಿ ಡಿಸ್ಕ್ ಇದೆ. ನಕಲನ್ನು ಅಳಿಸಿದ್ದೇನೆ. ಬರೆಯಬೇಡ ಎಂದಿದ್ದೀರಿ. ಇದೊಂದು ಕಾಗದ ಬರೆದು ನಿಲ್ಲಿಸುತ್ತೇನೆ.

ನಿಮ್ಮ ಕಾಗದ ಓದಿ ಹೇಳಿದ ಮೇಲೆ ಅಣ್ಣ ನನ್ನ ಮೇಲೆ ಕೂಗಾಡಿದ. "ಮಾಮಾಗ ಲಕ್ವಾ ಹೊಡದದ, ಮಾತು ಬಿದ್ದದ. ಆ ಮೇಜು ಬಡದು ಬಡದು ಏನೋ ಕೇಳ್ತಾನ, ಯಾರಿಗೂ ತಿಳೀವಲ್ದು. ಫೈಲಿನಾಗ ತಿಳೀತದಂತ ಆತ್ಯಾ ಕುಂತಿದ್ಳು. ನೀ ಹೋಗಿ ಮಾಮಾ ಮೊದಲೇ ಹುಚ್ಚ ಆಗಿದ್ದ ಅಂತ ಬರದಿ!" ಎಂದ. ಹುಚ್ಚ ಎಂದು ನಾನು ಬರೆದಿಲ್ಲ. ಆದರೆ ಬರೆದದ್ದಕ್ಕೆ ಅರ್ಥ ಅದೇ ಆಗುತ್ತದೆ ಎಂದು ಈಗ ಕಾಣುತ್ತಿದೆ.

ಇದೆಲ್ಲ ಗೊತ್ತಿದ್ದರೆ ಬರೆಯುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಬರೆಯುತ್ತಿದ್ದೆ. ಆದರೆ ಅಂಚೆಯಲ್ಲಿ ಹಾಕುತ್ತಿರಲಿಲ್ಲ. ಬಸ್ ಹತ್ತಿ ಬಂದು, ನಿಮ್ಮ ಎದುರಿಗೆ ಕುಳಿತು ಹೇಳುತ್ತಿದ್ದೆ.

ಚಂಪಾ


ನಾಶಿಕ
29 ಜುಲೈ 2025
(ಅಂಚೆ ಕಾರ್ಡು)

ಅಮ್ಮನವರಿಗೆ, ನನ್ನದೇ ತಪ್ಪು. ಯಜಮಾನರ ತಲೆ ಸರಿಯಾಗಿಯೇ ಇತ್ತು. ನುಡಿ ಇರಲಿಲ್ಲ, ಅಷ್ಟೇ ಆದದ್ದು. ನುಡಿ ಹಾಕಿದರೆ ಎಲ್ಲ ಸರಿಹೋಗುತ್ತದೆ. ಡಿಸ್ಕ್ ಕೂಡಲೇ ಮತ್ತೆ ಕಳಿಸಿ. ಜಾಗ ಮುಗಿಯಿತು. ಚಂಪಾ


ಛತ್ರಪತಿ ಸಂಭಾಜಿನಗರ
8 ಆಗಸ್ಟ್ 2025

ಚಂಪಾ,

ನಿನ್ನ ಕಾರ್ಡನ್ನು ಅಂಚೆಯವನು ಓದಿಕೊಂಡು ಬಂದನೋ ಏನೋ, ತಲೆ ತಗ್ಗಿಸಿ ಕೊಟ್ಟು ಹೋದ.

ಇವರಿಗೆ ನುಡಿ ಇಲ್ಲ ಎಂದು ನೀನು ನನಗೆ ಹೇಳಬೇಕೇ? ಜನವರಿಯಿಂದ ಅದನ್ನೇ ನೋಡುತ್ತ ಕುಳಿತಿದ್ದೇನೆ. ಅಷ್ಟೇ ಆದದ್ದು ಎಂದು ಬರೆಯುತ್ತೀ. ನುಡಿ ಹಾಕುತ್ತೇನೆ ಎನ್ನುತ್ತೀ. ಡಾಕ್ಟರರು ಹಾಕಲಾರದ್ದನ್ನು ನೀನು ಹಾಕುತ್ತೀಯಾ? ಮಲ್ಲಿನಾಥ ನಿನಗೆ ಹೇಳಿರಬೇಕು. ಹೇಳಿದನೆಂದು ನೀನು ಹೀಗೆ ಆಡಿಕೊಳ್ಳಬಹುದೇ?

ರೂಪಾ, ನನ್ನ ಮಗಳು, ಪುಣೆಯಿಂದ ಬಂದಿದ್ದಳು. ಕಂಪ್ಯೂಟರ್ ಕಂಡರೆ ಅಪ್ಪ ಕೆರಳುತ್ತಾರೆಂದು ಅದನ್ನು ಹಳೆ ಸಾಮಾನು ಕೊಳ್ಳುವ ಭಂಗಾರದವನಿಗೆ ಕೊಟ್ಟುಬಿಟ್ಟಳು. ಒಳ್ಳೆಯದೇ ಆಯಿತು.

ಸುಶೀಲಾಬಾಯಿ


ನಾಶಿಕ
12 ಆಗಸ್ಟ್ 2025

ಅಮ್ಮನವರಿಗೆ,

ನಿಮ್ಮ ಕಾಗದ ಓದಿ, ಎದ್ದು ಓಡಾಡಿ, ಮತ್ತೆ ಓದಿದೆ. ಕಾರ್ಡಿನಲ್ಲಿ ಬರೆದದ್ದು ನಿಮಗೆ ಹೇಗೆ ಕೇಳಿಸಿತೆಂದು ತಿಳಿದು ನಾಚಿಕೆಯಾಯಿತು. 'ನುಡಿ' ಎಂಬುದು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಒಂದು ಸಾಫ್ಟ್‌ವೇರಿನ ಹೆಸರು. ಕರ್ನಾಟಕದ ಕಚೇರಿಗಳಲ್ಲೆಲ್ಲ ಅದೇ ಇರುತ್ತದಂತೆ. ನಾನು ಮೊಬೈಲಿನಲ್ಲಷ್ಟೇ ಕನ್ನಡ ಬರೆದವಳು, ನನಗೆ ಗೊತ್ತಿರಲಿಲ್ಲ. ನಾಶಿಕದ ಅಂಗಡಿಯಲ್ಲಿ ಅದು ಯಾಕಿರುತ್ತದೆ?

ಕಲಬುರಗಿಯ ಚನಬಸಪ್ಪ ಎಂಬುವರು ಮಗಳ ಲಗ್ನಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಬೀಗರು ಇಲ್ಲಿಯವರು, ಇಲ್ಲೇ ಒಂದಿಷ್ಟು ಪ್ರತಿ ತೆಗೆಸಬೇಕಿತ್ತು. ತೆರೆದರೆ ಅದೇ ಬಾಲ, ಅದೇ ಗೆರೆ ಹೊತ್ತ ಎ, ಮೇಲೆ ಹಾರಿ ಕುಳಿತ ಅದೇ ಪುಟ್ಟ ಎರಡರ ಅಂಕಿ. ನಾನು "ಕಾಕಾ, ಫೈಲು ಹಾಳಾಗ್ಯಾದ್ರಿ" ಎಂದೆ. ಅವರು ಹೊಟ್ಟೆ ಕುಣಿಸಿ ನಕ್ಕರು. "ಹಾಳಾಗಿಲ್ಲವ್ವಾ, ನಿನ್ನ ಮಷೀನಿನಾಗ ನುಡಿ ಇಲ್ಲ. ನುಡಿ ಹಾಕು, ಹ್ಯಾಂಗ ಮಾತಾಡ್ತದ ನೋಡು!" ಹಾಕಿದೆ. ಮೇಲೆ ಹಾರಿದ ಆ ಎರಡು, ಪತ್ರಿಕೆಯ ತುದಿಯಲ್ಲಿ 'ಶ್ರೀ' ಆಗಿ ಕುಳಿತಿತು.

ನಾನು ಮರಾಠಿ ಫಾಂಟುಗಳನ್ನೆಲ್ಲ ಹಾಕಿ ನೋಡಿದ್ದೆ. ಕನ್ನಡದ ಮನೆಯಿಂದ, ಕನ್ನಡದ ಕಾಗದದ ಜೊತೆ ಬಂದ ಡಿಸ್ಕ್. ಅದರೊಳಗೆ ಕನ್ನಡ ಇರಬಹುದೆಂದು ಕನ್ನಡ ಓದಬಲ್ಲ ನನಗೇ ಹೊಳೆಯಲಿಲ್ಲ. ರೈಲ್ವೆಯ ಕಾಗದ ಎಂದು ನೀವು ಬರೆದದ್ದನ್ನು ಹಿಡಿದುಕೊಂಡೆ. ಅದು ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ. ಆದರೆ ಹಾಗೆ ಬರೆದಿದ್ದೀರಿ.

ನಕಲು ಅಳಿಸಿದ್ದೇನೆ, ನನ್ನ ಹತ್ತಿರ ಏನೂ ಉಳಿದಿಲ್ಲ. ಮತ್ತೆ ಮತ್ತೆ ಬರುತ್ತಿದ್ದ ಆ ಒಂದು ಗುಂಪು ಮಾತ್ರ ಕಣ್ಣಿನಲ್ಲಿ ನಿಂತುಬಿಟ್ಟಿತ್ತು. ಅದನ್ನೇ ಹೊಡೆದು ನುಡಿಗೆ ಹಾಕಿದೆ.

ಅದು 'ಸುಶೀಲಾ'.

ಡಿಸ್ಕ್ ಕೂಡ ಭಂಗಾರಕ್ಕೆ ಹೋಯಿತೇ? ಇಷ್ಟು ಮಾತ್ರ ತಿಳಿಸಿ.

ಚಂಪಾ


ಛತ್ರಪತಿ ಸಂಭಾಜಿನಗರ
20 ಆಗಸ್ಟ್ 2025

ಚಂಪಾಗೆ ಆಶೀರ್ವಾದಗಳು.

ನೀನು ಜುಲೈನಲ್ಲಿ ಕಳಿಸಿದ ಪಾರ್ಸೆಲನ್ನು ನಾನು ಬಿಚ್ಚಿರಲಿಲ್ಲ. ಹಿಟ್ಟಿನ ಡಬ್ಬಿಗಳ ಹಿಂದೆ ಇಟ್ಟಿದ್ದೆ. ರೂಪಾಳ ಕಣ್ಣಿಗೆ ಬಿದ್ದಿದ್ದರೆ ಅದೂ ಹೋಗುತ್ತಿತ್ತು. ಈಗ ಬಿಚ್ಚಿದೆ. ಡಿಸ್ಕ್ ಇದೆ, ನಿನ್ನ ಕಾಗದವೂ ಇತ್ತು. ಬಸ್ ಹತ್ತಿ ಬಂದು ಹೇಳುತ್ತಿದ್ದೆ ಎಂದು ಬರೆದಿದ್ದೀ. ಅದನ್ನು ಆಗಲೇ ಓದಿದ್ದರೆ ಆ ಕಾರ್ಡಿನ ಮೇಲೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅದು ಕನ್ನಡ ಎಂದು ನನಗೆ ಗೊತ್ತಿತ್ತು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿಕೊಂಡಿದ್ದರು. ರೈಲ್ವೆಯದು ಎಂದು ಒಮ್ಮೆ ಬರೆದ ಮೇಲೆ ಕನ್ನಡದ್ದು ಎಂದು ಹೇಗೆ ಬರೆಯಲಿ? ಒಳಗೆ ಏನಿದೆಯೋ ನನಗೆ ತಿಳಿಯದು. ನಾನು ಹತ್ತಿರ ಹೋದರೆ ಪರದೆ ಮರೆಮಾಡುತ್ತಿದ್ದರು. ನನ್ನ ಮೇಲಿನ ದೂರೇ ಇದ್ದರೆ ಅದನ್ನು ಹೊರಗಿನವರು ಓದುತ್ತಾರಲ್ಲ ಎಂಬ ಹೆದರಿಕೆ. ಅದಕ್ಕೇ ಸುಳ್ಳು ಬರೆದೆ.

ಟೈಪ್ ಮಾಡುತ್ತಿದ್ದಾಗಲೇ ಕುರ್ಚಿಯಿಂದ ವಾಲಿದರು. ವಯರು ಕಾಲಿಗೆ ಸಿಕ್ಕಿ ಕಿತ್ತುಬಂತು. ಬಲಗೈ ಹೋಯಿತು, ಮಾತು ಹೋಯಿತು. ಕಿವಿ ಚುರುಕಾಗಿದೆ, ಎಲ್ಲ ತಿಳಿಯುತ್ತದೆ. ಮನೆ ಶಾಂತವಾಗಿರಲಿ ಎಂದು ಡಾಕ್ಟರರು ಹೇಳಿದರು. ರೂಪಾ ಟಿ.ವಿ. ತೆಗೆಸಿದಳು, "ಆಯಿ, ನೀನೂ ಒದರಬ್ಯಾಡ" ಎಂದಳು. ಎರಡೇ ಕೋಣೆಯ ಮನೆ. ನಾನು ಪಿಸುಮಾತಿನಲ್ಲೇ ಇದ್ದೇನೆ. ಫೋನ್ ಬೇಡ ಎಂದದ್ದು ಅದಕ್ಕೇ.

ಕಂಪ್ಯೂಟರ್ ಹೋದ ಮೇಲೂ ಖಾಲಿ ಮೇಜನ್ನು ಎಡಗೈಯಿಂದ ಬಡಿಯುತ್ತಾರೆ. ಬಡಿದು ನನ್ನನ್ನು ನೋಡುತ್ತಾರೆ. ನೀರೇ, ಊಟವೇ, ರೂಪಾಳೇ ಎಂದು ತೋರಿಸಿ ತೋರಿಸಿ ಕೇಳುತ್ತೇನೆ. ಯಾವುದೂ ಅಲ್ಲ. ಮತ್ತೆ ಬಡಿಯುತ್ತಾರೆ. ಅವರಿಗೂ ನೆಮ್ಮದಿ ಇಲ್ಲ, ನನಗೂ ಇಲ್ಲ.

ಡಿಸ್ಕನ್ನು ಮತ್ತೆ ಪಾರ್ಸೆಲ್ ಮಾಡಿದ್ದೇನೆ. ಏನಿದ್ದರೂ ಇದ್ದಂತೆ ಬರೆ. ದೂರಿದ್ದರೆ ದೂರನ್ನೇ ಬರೆ.

ಸುಶೀಲಾಬಾಯಿ


ನಾಶಿಕ
2 ಸೆಪ್ಟೆಂಬರ್ 2025

ಅಮ್ಮನವರಿಗೆ ನಮಸ್ಕಾರ.

ಫೈಲು ಓದಲು ಬಂತು. ಕಾಗದದ ಮೇಲೆ ತೆಗೆದು, ಡಿಸ್ಕಿನ ಜೊತೆಗಿಟ್ಟು ಕಳಿಸುತ್ತಿದ್ದೇನೆ. ಈ ಸಲ ನಕಲುಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದೇನೆ. ಅಳಿಸು ಎಂದರೂ ಕೂಡಲೇ ಅಳಿಸುವುದಿಲ್ಲ.

ನೀವು ಕಾಯುತ್ತಿದ್ದದ್ದು ಇದರಲ್ಲಿ ಇಲ್ಲ. ನಿಮ್ಮ ಕೈಯಲ್ಲಿ ಇದನ್ನಿಟ್ಟುಕೊಂಡು ಪುಟ ಪುಟ ಹುಡುಕಬಾರದೆಂದು ಮೊದಲೇ ಹೇಳುತ್ತಿದ್ದೇನೆ. ಅವರಿಗೆ ಈಗ ಏನು ಬೇಕು ಎಂಬುದು ಎಲ್ಲೂ ಇಲ್ಲ. ನಿಮ್ಮ ಮೇಲೆ ದೂರೂ ಇಲ್ಲ. ಅವರ ಮಾತು ಎಂದು ಹೇಳಬಹುದಾದದ್ದೇ ಇಲ್ಲ. ಇರುವುದೆಲ್ಲ ನಿಮ್ಮ ಮಾತು. ಯಾವಾಗ ಹೇಳಿದ್ದು ಎಂದು ಎರಡು ಮೂರು ಶಬ್ದ, ಆಮೇಲೆ ನಿಮ್ಮ ಹೆಸರು, ಆಮೇಲೆ ನೀವು ಅಂದದ್ದು. ಪುಟ ತುಂಬ ಹೀಗೆಯೇ.

ಹಾಲು ಉಕ್ಕಿದಾಗ. ಸುಶೀಲಾ: "ಪಲಾಟಫಾರ್ಮಿನ ಮ್ಯಾಲ ನಿಂತಂಗ ನಿಂತೀರಲ್ಲ! ಹಾಲೇನು ಸೀಟಿ ಹೊಡದು ಉಕ್ಕತದೇನು?"

ರೂಪಾ ತಿರುಗಿ ಮಾತಾಡಿದಾಗ. ಸುಶೀಲಾ: "ನಾ ಕನ್ನಡದಾಗ ಬೈದೀನಿ, ನೀ ಮರಾಠಿದಾಗ ಯಾಕ ಸಿಟ್ಟಾಗ್ತಿ?"

ನಾನು ಸಂತೆಯಿಂದ ಬಂದಾಗ. ಸುಶೀಲಾ: "ಇವು ಬದನಿಕಾಯಿ ಅಲ್ಲ, ಹುಳದ ಮನಿ. ಬಾಡಗಿ ಮಾತಾಡಿ ತಂದೀರೇನು?"

ಇದನ್ನು ಓದಿ ಅಣ್ಣನಿಗೆ ಹೇಳಿದೆ. ನಗುನಗುತ್ತಲೇ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಎಲ್ಲವೂ ಪೂರ್ತಿಯಾಗಿಲ್ಲ. ಫೈಲು ಮುರಿದಲ್ಲೆಲ್ಲ ಮಾತು ಅರ್ಧಕ್ಕೆ ನಿಂತಿದೆ. ಕೆಲವು ಕಡೆ ಒಂದೇ ಶಬ್ದ ಹೋಗಿದೆ. "ಹಂಗ ತೂತು ಬಿಟ್ಟು ಕೊಡ್ತಾರೇನು? ಆತ್ಯಾ ಹ್ಯಾಂಗ ಮಾತಾಡ್ತಾಳ ನಮಗ ಗೊತ್ತಿಲ್ಲೇನು, ತುಂಬಿಬಿಡು" ಎಂದು ಅಣ್ಣ ಎರಡು ದಿನ ಜಗಳವಾಡಿದ. ಅಂದಾಜಿಗೆ ಗೊತ್ತಾಗುವಂಥವೂ ಇವೆ. ಆದರೂ ತುಂಬಿಲ್ಲ. ನಾನು ತುಂಬಿದರೆ ಅದು ನೀವು ಅಂದದ್ದೂ ಅಲ್ಲ, ಅವರು ಬರೆದದ್ದೂ ಅಲ್ಲ. ಹೋದ ಕಡೆ ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಸಿಟ್ಟಾಗಬೇಡಿ.

ಚಂಪಾ


ಛತ್ರಪತಿ ಸಂಭಾಜಿನಗರ
9 ಸೆಪ್ಟೆಂಬರ್ 2025

ಚಂಪಾಗೆ ಅನೇಕ ಆಶೀರ್ವಾದಗಳು.

ಕಾಗದಗಳನ್ನು ಹಿಡಿದು ಅಡುಗೆಮನೆಯಲ್ಲಿ ಒಬ್ಬಳೇ ಓದಿದೆ. ಮೊದಲು ಅಳು ಬಂತು. ಅವರದೊಂದು ಮಾತಿಗಾಗಿ ಇಷ್ಟು ದಿನ ಕಾದರೆ ನನ್ನ ಬಾಯಿಯನ್ನೇ ನನಗೆ ತಿರುಗಿ ಕಳಿಸಿದ್ದಾರೆ. ಆಮೇಲೆ ಬದನೆಕಾಯಿಯದು ಬಂತು. ನನಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟೆ. ಆಚೆ ಕೋಣೆಯಲ್ಲಿ ಮೇಜು ಬಡಿಯುವ ಸದ್ದು ಥಟ್ಟನೆ ನಿಂತಿತು.

ಹೋಗಿ ನೋಡಿದರೆ ಬಾಗಿಲ ಕಡೆ ಕತ್ತು ಚಾಚಿ ಕುಳಿತಿದ್ದಾರೆ. ನನ್ನ ಕೈಯಲ್ಲಿಯ ಹಾಳೆ ನೋಡಿದರು. ನನಗೆ ಏನನ್ನಿಸಿತೋ, ಪಿಸುಮಾತು ಬಿಟ್ಟು ಮೊದಲಿನ ದನಿಯಲ್ಲೇ, "ಏನ್ರಿ, ಎರಡು ವರ್ಷ ಕುಂತು ಇದನ್ನೇನ್ರಿ ಬರದದ್ದು? ನನ್ನ ಮರ್ಯಾದಿ ನಾಶಿಕದ ತನಕ ಹೋಯ್ತಲ್ಲ!" ಎಂದೆ. ಚಂಪಾ, ಜನವರಿಯಿಂದ ಅವರ ಮುಖದಲ್ಲಿ ಅಂಥ ಗೆಲುವು ನೋಡಿರಲಿಲ್ಲ.

ಅವರ ಪಕ್ಕದಲ್ಲೇ ಕುಳಿತು ಒಂದೊಂದಾಗಿ ಓದಿದೆ. ಓದಿದೆ ಎನ್ನುವುದಕ್ಕಿಂತ ಬೈದೆ ಎನ್ನಬೇಕು. ನೀನು ಗೆರೆ ಎಳೆದು ಬಿಟ್ಟ ಒಂದು ಬಂತು. ಭಾಲ್ಕಿಗೆ ಹೊರಡುವ ಮಾತಿನದು. "ನನ್ನ ತವರಿಗೆ ಹೋಗೂದು ಅಂದ್ರ ಸಾಕು, ನಿಮ್ಮ ಗಾಡಿ ಯಾವಾಗಲೂ" ಎಂದು ಓದಿದೆ. ಮುಂದೆ ಖಾಲಿ ಇತ್ತು. ಏನು ಅಂದಿದ್ದೆನೋ ನನಗೇ ನೆನಪಾಗಲಿಲ್ಲ. ಹಾಳೆ ನೋಡುತ್ತ ಸುಮ್ಮನೆ ಕುಳಿತೆ.

"ಲೇಟ" ಎಂದರು.

ನಾನು ಹಾಳೆ ಬಿಟ್ಟು ಅವರನ್ನು ನೋಡಿದೆ. ಬಾಯಿ ಸೊಟ್ಟಗೆ ಇತ್ತು, ಶಬ್ದ ಮಾತ್ರ ನೆಟ್ಟಗೆ ಬಂದಿತ್ತು. ಮತ್ತೆ ಹೇಳಿ ಎಂದೆ. ಬರಲಿಲ್ಲ. ಅಳುವಂತಾದರು. ಆಗ ಬಾಗಿಲ ಹೊರಗೆ ಹೋಗಿ, ನಿಜವಾಗಿಯೂ ಚೀಲ ಹಿಡಿದು ಸಿಟ್ಟಿನಿಂದ ನಿಂತವಳಂತೆ, ಮತ್ತೆ ಮೊದಲಿನಿಂದ ಬೈದೆ. ಖಾಲಿ ಬಂದಲ್ಲಿ ನಿಲ್ಲಿಸಿದೆ. "ಲೇಟ" ಎಂದರು.

ಬೇರೆ ಖಾಲಿಗಳಲ್ಲಿ ಕೆಲವಕ್ಕೆ ತುಟಿ ಆಡಿಸುತ್ತಾರೆ, ಶಬ್ದ ಬರುವುದಿಲ್ಲ. ಡಾಕ್ಟರರಿಗೆ ಹೇಳಿದೆ. ಹೀಗೇ ಮಾಡುತ್ತಿರಿ, ಮಾತಿನ ತರಬೇತಿಗೂ ಕರೆತನ್ನಿ ಎಂದರು. ಮನೆ ಶಾಂತವಾಗಿರಲಿ ಎಂದದ್ದು ಗಲಾಟೆ ಬೇಡ ಎಂದಂತೆ, ನಾನು ಬಾಯಿ ಮುಚ್ಚಬೇಕು ಎಂದಲ್ಲವಂತೆ. ಬಡಿಯುವುದು ಈಗಲೂ ಇದೆ. ನಾನು ಬಹಳ ಹೊತ್ತು ಸುಮ್ಮನಿದ್ದರೆ ಮಾತ್ರ.

ಖಾಲಿ ಬಿಟ್ಟೆಯೆಂದು ನನ್ನ ಸಿಟ್ಟಿಗೆ ಹೆದರಿದ್ದೆಯಲ್ಲ, ಮಲ್ಲಿನಾಥನ ಮಾತು ಕೇಳಿ ನೀನು ಅಲ್ಲಿ ಏನಾದರೂ ತುಂಬಿದ್ದರೆ ನಾನು ಓದಿಕೊಂಡು ಮುಂದೆ ಹೋಗಿಬಿಡುತ್ತಿದ್ದೆ.

ಈ ಕಾಗದದ ಹಿಂದೆ ನನ್ನ ನಂಬರ್ ಇದೆ. ಇನ್ನು ಬರೆಯುತ್ತ ಕೂರಬೇಡ, ಫೋನ್ ಮಾಡು. ಅವರು ಕೇಳಿಸಿಕೊಳ್ಳಲಿ, ಗಟ್ಟಿಯಾಗಿ ಮಾತಾಡು.

ಸುಶೀಲಾ